ಸಾಲಾಂಕ ಮೀಮಾಂಸೆ: ಎನ್.ಆರ್. ಕಾಲೋನಿ ಪಾಠ

ಸಾಲವಿಲ್ಲದವನೇ ಸಾಹುಕಾರ ಎಂಬುದು ಬೆಂಗಳೂರಿನ ಎನ್.ಆರ್. ಕಾಲೋನಿಯ ಪೂರ್ವಪಕ್ಷ. ಇದರ ಪ್ರತಿಪಾದಕರು ಬೆಳಗ್ಗೆ ಎಪಿಎಸ್ ಕಾಲೇಜಿನ ಮೈದಾನದ ಆಸುಪಾಸಿನಲ್ಲಿ ವಾಕಿಂಗ್ ಮಾಡುತ್ತಾ ಸಿಗುತ್ತಾರೆ. ಎಲ್ಲರೂ ಪಿಂಚಣಿದಾರರು, ಜನ್ಮದಲ್ಲಿ ಯಾರ ಮುಂದೂ ಕೈಯೊಡ್ಡದವರು. 2000ದಲ್ಲಿ ಅವತರಿಸಿದ, ಸಾಲಗಾರರಿಗೆ ಅಂಕ ಕೊಡುವ ಬ್ಯೂರೋ ಸಿಬಿಲ್ ಈ ವಾದವನ್ನು ಒಂದೇ ಅಂಕಿಯಿಂದ ಖಂಡಿಸಿತು. ಅದರ ಮತದಲ್ಲಿ ಜೀವಿಯ ಯೋಗ್ಯತೆ 300ರಿಂದ 900ರ ನಡುವೆ. ಸಾಲವನ್ನೇ ಮಾಡದ ಪುಣ್ಯಾತ್ಮನಿಗೆ -1. ಸೊನ್ನೆಯೂ ಅಲ್ಲ, ಗಮನಿಸಬೇಕು. ಶೂನ್ಯವಾದಿಗಳಾದ ಬೌದ್ಧರು ಕೂಡ ಶೂನ್ಯಕ್ಕೇ ನಿಂತಿದ್ದರು. ಇನ್ನು ಸಾಲ ಮಾಡಿಯಾದರೂ ತುಪ್ಪ ತಿನ್ನೆಂದ ಚಾರ್ವಾಕನನ್ನು ನಾವು ತಲೆಮಾರುಗಟ್ಟಲೆ ಬೈದದ್ದು ಅನ್ಯಾಯ. ಕಂತು ತಪ್ಪಿಸದಿದ್ದರೆ ಅವನು 800 ದಾಟುತ್ತಿದ್ದ.

ಇನ್ನು ಪ್ರಮಾಣ ವಿಚಾರ. ಪಕ್ಕದ ಮನೆಯವರ ಚೀಟಿಗೆ ವರ್ಷಾನುಗಟ್ಟಲೆ ತಪ್ಪದೆ ಕಟ್ಟಿದ್ದು, ದಿನಸಿ ಅಂಗಡಿಯ ಲೆಕ್ಕವನ್ನು ಒಂದನೇ ತಾರೀಕೇ ಚುಕ್ತಾ ಮಾಡಿದ್ದು, ಇವು ಬ್ಯೂರೋದವರಿಗೆ ಕಾಣದ ಪುಣ್ಯಗಳು. ಕಾಣುವುದು ಷಡ್ಡಕನ ಸಾಲಕ್ಕೆ ಮುಲಾಜಿನಿಂದ ಹಾಕಿದ ಜಾಮೀನಿನ ಸಹಿ. ಅವನು ಕಂತು ತಪ್ಪಿಸಿದರೆ ಅಂಕ ಇವರದೂ ಇಳಿಯುತ್ತದೆ. ಕರ್ಮಫಲದ ವರ್ಗಾವಣೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಶಾಸ್ತ್ರದಲ್ಲಿಲ್ಲ. -1ರ ಪ್ರಾಯಶ್ಚಿತ್ತವಿಷ್ಟೆ: ಸ್ವಂತ ಎಫ್‌ಡಿಯನ್ನೇ ಅಡವಿಟ್ಟು ಕ್ರೆಡಿಟ್ ಕಾರ್ಡ್ ಪಡೆಯುವುದು, ಮಿತಿಯ ಶೇ. 30ರೊಳಗೆ ಕಾಫಿಪುಡಿ ಕೊಳ್ಳುವುದು, ಗಡುವಿಗೆ ಮುಂಚೆ ಪೂರ್ತಿ ಕಟ್ಟುವುದು. ನಮ್ಮ ದುಡ್ಡನ್ನು ನಾವೇ ಸಾಲ ತಂದು ನಾವೇ ತೀರಿಸುವ ಈ ಕ್ರಿಯೆಯನ್ನು ಅದ್ವೈತಿಗಳು ಸುಲಭವಾಗಿ ಒಪ್ಪಿದ್ದಾರೆ.

(ಇಷ್ಟೆಲ್ಲ ಪರೀಕ್ಷಿಸುವ ಬ್ಯಾಂಕುಗಳ ಯೋಗ್ಯತೆಗೆ ಅಂಕ ಕೊಡುವವರು ಯಾರು ಎಂಬ ಪ್ರಶ್ನೆಯನ್ನು ಇಲ್ಲಿ ಜೋರಾಗಿ ಕೇಳಬಾರದು. 2020ರ ಜನವರಿಯಲ್ಲಿ ಬಸವನಗುಡಿಯ ಶ್ರೀ ಗುರುರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ, ಠೇವಣಿದಾರರು ತಮ್ಮದೇ ಹಣದಲ್ಲಿ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿರಲಿಲ್ಲ. ಅವರಲ್ಲಿ ಅನೇಕರು ಪಿಂಚಣಿದಾರರೇ.)

ಈ ಅಂಕ ಅಂಟಿಕೊಳ್ಳುವ ಆತ್ಮ ಎಲ್ಲಿದೆ ಎಂಬುದರಲ್ಲಿ ಈಗ ಭಿನ್ನಾಭಿಪ್ರಾಯವಿಲ್ಲ: ಜೆರಾಕ್ಸ್ ಅಂಗಡಿಯಲ್ಲಿದೆ. ಓರೆಯಾಗಿ ಬಂದ ಆಧಾರ್ ಪ್ರತಿಯನ್ನು ‘ಬೇಡ ಬಿಡಪ್ಪ’ ಎಂದು ಅಲ್ಲೇ ಬಿಟ್ಟು ಬರುತ್ತೇವೆ. ಕೊಟ್ಟ ಪ್ರತಿಯ ಮೇಲೆ ಯಾವ ಕೆಲಸಕ್ಕೆ, ಯಾವ ತಾರೀಕು ಎಂದು ಅಡ್ಡಲಾಗಿ ಬರೆಯುವುದಿಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಆಧಾರ್ ಇದೆಯೆಂದರೆ, ಕೊರೊನಾ ಹೋಯಿತಲ್ಲ ಎನ್ನುತ್ತಾರೆ. ದೇಹಾತ್ಮವಾದಿಗಳ ಪಾಡೂ ಇದೇ. 2023ರಲ್ಲಿ ಬೆಂಗಳೂರಿನಲ್ಲಿ ನೋಂದಾಯಿತ ಕ್ರಯಪತ್ರಗಳಿಂದ ಬೆರಳಚ್ಚು ಎತ್ತಿ, ಒಟಿಪಿಯ ಹಂಗಿಲ್ಲದೆ ಆಧಾರ್ ಮೂಲಕ ಖಾತೆಯಿಂದ ಹಣ ತೆಗೆದ ಪ್ರಕರಣಗಳು ಬಯಲಾದವು. ಆಧಾರ್ ಆ್ಯಪ್‌ನಲ್ಲಿ ಬೆರಳಿಗೂ ಬೀಗ ಹಾಕಬಹುದು. ಗೇಟಿಗೆ ಎರಡು ಬೀಗ ಜಡಿದು ಮೂರು ಸಲ ಜಗ್ಗಿ ನೋಡುವ ಕಾಲೋನಿಯವರಿಗೆ ಇದನ್ನು ಇನ್ನೂ ಯಾರೂ ಹೇಳಿಲ್ಲ.

ಈಗ ಪ್ರಬಂಧದ ಜಟಿಲ ಭಾಗ. -1ರಲ್ಲಿದ್ದ ರಾಯರೊಬ್ಬರಿಗೆ ಒಂದು ದಿನ ಏಕಾಏಕಿ 640 ಬಂತು. ಯಾರೋ ಇವರ ಪ್ಯಾನ್‌ನಲ್ಲಿ ಬೈಕ್ ಸಾಲ ಎತ್ತಿ, ಒಂದಷ್ಟು ಕಂತು ಕಟ್ಟಿ ಮಾಯವಾಗಿದ್ದ. ಆ ಕಟ್ಟಿದ ಕಂತುಗಳ ಪುಣ್ಯ ಯಾರಿಗೆ? ರಾಯರಿಗೆ ಅಸ್ತಿತ್ವ ತಂದುಕೊಟ್ಟವನನ್ನು ಕಳ್ಳನೆನ್ನಬೇಕೋ ಕರ್ತೃವೆನ್ನಬೇಕೋ? ಸೈಬರ್ ಸಹಾಯವಾಣಿ 1930 ಈ ಚರ್ಚೆಗಿಳಿಯದೆ ದೂರು ಬರೆದುಕೊಂಡಿತು. ಬ್ಯೂರೋಗಳು ನಾಲ್ಕಿವೆ, ನಾಲ್ಕಕ್ಕೂ ನಾಲ್ಕು ಅಂಕ. ಮತಾಚಾರ್ಯರು ಮೂವರೇ ಎಂದುಕೊಂಡವರಿಗೆ ಇದು ಕಷ್ಟ. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು, ತಕರಾರನ್ನು 30 ದಿನದಲ್ಲಿ ಇತ್ಯರ್ಥ ಮಾಡಬೇಕು. ತಪ್ಪಿದರೆ, 2024ರಿಂದ ಜಾರಿಯಲ್ಲಿರುವ ನಿಯಮದಂತೆ, ದೂರುದಾರನಿಗೆ ದಿನಕ್ಕೆ 100 ರೂಪಾಯಿ ಪರಿಹಾರ.

ತಿಂಗಳಿಗೆ 3,000! ಅಸಲೇ ಇಲ್ಲದ ಬಡ್ಡಿ! ರಾಯರು ಲೆಕ್ಕ ಹಾಕಿದ್ದೇ, ಬ್ಯೂರೋದಿಂದ ಸದ್ಯಕ್ಕೆ ಉತ್ತರ ಬಾರದಿರಲೆಂದು ರಾಮಮಂದಿರದಲ್ಲಿ ಅರ್ಚನೆ ಮಾಡಿಸಲು ಹೊರಟಿದ್ದಾರೆ. ಹೆಸರು, ಗೋತ್ರ, ನಕ್ಷತ್ರ ಎಲ್ಲವನ್ನೂ ಹತ್ತು ಜನರೆದುರು ಹೇಳಲೇಬೇಕೇ, ಗೋತ್ರದ ಕೊನೆಯ ಎರಡಕ್ಷರ ಸಾಲದೇ ಎಂದು ಅರ್ಚಕರನ್ನು ವಿಚಾರಿಸುತ್ತಿದ್ದಾರೆ.