ಜೆರಾಕ್ಸ್ ಅಂಗಡಿಯಲ್ಲಿ ನನ್ನ ಗುಟ್ಟು

ನಮ್ಮ ಬ್ಯಾಂಕು ಹೊಸ ಆ್ಯಪ್ ಬಿಟ್ಟಿದೆ. ಕಣ್ಣು ಕಾಣದ ನಾನು, ಫೋನಿನಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಹಾಕಿಕೊಂಡು ಪರದೆಯ ಮೇಲೆ ಬೆರಳಾಡಿಸಿದೆ. ‘ಅನ್‌ಲೇಬಲ್ಡ್ ಬಟನ್’ ಎಂದಿತು. ಪಕ್ಕಕ್ಕೆ ಸರಿದೆ. ‘ಅನ್‌ಲೇಬಲ್ಡ್ ಬಟನ್.’ ಹಣ ಕಳಿಸುವುದು ಯಾವುದೋ, ಸಾಲ ತೆಗೆಯುವುದು ಯಾವುದೋ! ಕೊನೆಗೆ ಒಂದೇ ಒಂದು ಗುಂಡಿ ಬಾಯಿಬಿಟ್ಟಿತು: ‘ಐ ಅಗ್ರೀ.’

ಯಾವುದಕ್ಕೆ ಅಗ್ರೀ? ಷರತ್ತುಗಳನ್ನೆಲ್ಲ ಚಿತ್ರ ಮಾಡಿ ಅಂಟಿಸಿದ್ದಾರೆ. ನನ್ನ ಫೋನು ಅಷ್ಟನ್ನೂ ‘ಇಮೇಜ್’ ಎಂಬ ಒಂದೇ ಪದದಲ್ಲಿ ಓದಿ ಮುಗಿಸಿತು. ಇಷ್ಟು ಚುಟುಕಾದ ಕರಾರುಪತ್ರವನ್ನು ಯಾವ ವಕೀಲರೂ ಬರೆದಿರಲಾರರು.

ಆಮೇಲೆ ಸೆಲ್ಫಿ. ‘ಕಣ್ಣು ಮಿಟುಕಿಸಿ.’ ನನ್ನವು ಎರಡೂ ಕೃತಕ ಕಣ್ಣು. ಮಿಟುಕಿಸದವನು ಬದುಕಿಯೇ ಇಲ್ಲ ಎಂದು ಆ್ಯಪ್ ತೀರ್ಮಾನಿಸಿತು. ಆಸಿಡ್ ದಾಳಿಗೆ ಒಳಗಾದವರು ಇದನ್ನೇ ಸುಪ್ರೀಂ ಕೋರ್ಟಿಗೆ ಒಯ್ದು, 2025ರ ಏಪ್ರಿಲ್ 30ರಂದು ಗೆದ್ದೂ ಬಂದರು: ಡಿಜಿಟಲ್ ಸೇವೆ ಎಟುಕುವುದು ಜೀವಿಸುವ ಹಕ್ಕಿನ ಭಾಗ, ಮಿಟುಕಿಸುವುದರ ಬದಲು ಬೇರೆ ದಾರಿ ಕೊಡಿ ಎಂದಿತು ಕೋರ್ಟು. ತೀರ್ಪು ದೆಹಲಿಯಿಂದ ಹೊರಟಿದೆ. ನಮ್ಮ ಶಾಖೆಗೆ ಬರುವ ಬಸ್ಸು ತಪ್ಪಿರಬೇಕು.

ಇನ್ನು ಓಟಿಪಿ. ‘ಯಾರಿಗೂ ಹೇಳಬೇಡಿ’ ಎಂಬ ಎಚ್ಚರಿಕೆಯನ್ನೂ ಆ ಆರು ಅಂಕಿಗಳನ್ನೂ ನನ್ನ ಫೋನು ಒಂದೇ ಉಸಿರಿಗೆ ಇಡೀ ಬಸ್ಸಿಗೆ ಸಾರುತ್ತದೆ. ‘ಇಯರ್‌ಫೋನ್ ಹಾಕ್ಕೊಳ್ರೀ’ ಅನ್ನುತ್ತೀರಿ. ಸ್ವಾಮಿ, ಬಸ್ಸಿಳಿದು ರಸ್ತೆ ದಾಟುವಾಗ ನನಗೆ ಕಣ್ಣಾಗಿರುವುದೇ ಆ ಕಿವಿ.

ಹೀಗಾಗಿ ಜೆರಾಕ್ಸ್ ಅಂಗಡಿಯೇ ಗತಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಿಂದಲೇ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕಾಯಿತು. ಆ ಹಕ್ಕನ್ನು ನಾನು ಸದ್ಯ ಕೌಂಟರಿನ ಹುಡುಗನ ಕೈಯಲ್ಲಿಟ್ಟಿದ್ದೇನೆ, ಪಿನ್ ಸಮೇತ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಮಕ್ಕಳನ್ನೂ ಕಾನೂನುಬದ್ಧ ಪಾಲಕರಿರುವ ಅಂಗವಿಕಲರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿದೆ. ಅವರ ಪರವಾಗಿ ಹೆತ್ತವರೋ ಪಾಲಕರೋ ಒಪ್ಪಿಗೆ ಕೊಡಬೇಕಂತೆ. ನನಗೆ ಅಂಥ ಪಾಲಕರಿಲ್ಲ. ಈ ಹುಡುಗ ಇದ್ದಾನೆ, ಒಪ್ಪಿಗೆಗೆ ಹತ್ತು ರೂಪಾಯಿ.

ನಿನ್ನೆ ಫೋನು ವಾಪಸು ಕೊಡುತ್ತಾ, ಸರದಿಯಲ್ಲಿದ್ದವರಿಗೆಲ್ಲ ಕೇಳುವಂತೆ, ಪಾಪ, ಕಾಳಜಿಯಿಂದಲೇ ಅಂದ: “ಅಂಕಲ್, ಈ ತಿಂಗಳು ಬಾರ್‌ಗೇ ಮೂರು ಸಲ ಹೋಗಿದೆಯಲ್ಲ ದುಡ್ಡು. ಆಂಟಿಗೆ ಗೊತ್ತಾ?”