ಎ.ಸಿ. ಗುಂಡಿಯ ಕಾವಲುಗಾರ

ರೇವಾ ಎಂಬ ವಿದ್ಯುತ್ ಕಾರು ಬೆಂಗಳೂರಿನ ರಸ್ತೆಗಿಳಿದ 2001ರ ಸುಮಾರಿಗೆ ಅಪರೂಪವಾಗಿದ್ದು, ಇಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ಒಬ್ಬರಂತೆಯಾದರೂ ದೊರೆಯುವ ಗೃಹಸ್ಥವರ್ಗವೊಂದಿದೆ; ಅದು ವಿದ್ಯುತ್ ಕಾರು ಕೊಂಡು, ಅದರ ಎ.ಸಿ. ಗುಂಡಿಯನ್ನು ಕಾಯುತ್ತ ಕೂರುವ ಯಜಮಾನರ ವರ್ಗ. ಇವರು ಜಿಪುಣರೆಂದು ತಿಳಿಯುವುದು ತಪ್ಪಾಗುತ್ತದೆ, ಏಕೆಂದರೆ ಮಗಳ ಟ್ಯೂಷನ್ನಿಗೂ ಸೈಟಿನ ಖಾತೆಗೂ ಕೈ ಬಿಚ್ಚಿ ಸುರಿಯುವವರು ಇವರೇ. ಆದರೆ ಡ್ಯಾಶ್‌ಬೋರ್ಡಿನ ಪರದೆಯಲ್ಲಿ 214 ಕಿ.ಮೀ. ಎಂದಿದ್ದ ಅಂಕಿ ಎ.ಸಿ. ಹಾಕಿದೊಡನೆ 196ಕ್ಕೆ ಇಳಿದರೆ, ಹಾಡಹಗಲೇ ಯಾರೋ ಹದಿನೆಂಟು ಕಿಲೋಮೀಟರ್ ರಸ್ತೆಯನ್ನು ಸುತ್ತಿಕೊಂಡು ಹೋದರೆಂಬ ಸಂಕಟ ಇವರನ್ನು ಆವರಿಸುತ್ತದೆ.

ಈ ಸಂಕಟಕ್ಕೆ ಯಂತ್ರದ ರಚನೆಯಲ್ಲೇ ಕಾರಣವಿದೆ. ಎ.ಸಿ.ಯ ಕಂಪ್ರೆಸರ್, ಅಂದರೆ ತಂಪುಕಾರಕ ಅನಿಲವನ್ನು ಒತ್ತಿ ಕೊಳವೆಗಳಲ್ಲಿ ಸುತ್ತಿಸುವ ಯಂತ್ರ, ಪೆಟ್ರೋಲ್ ಕಾರಿನಲ್ಲಿ ಬೆಲ್ಟಿನ ಮೂಲಕ ಎಂಜಿನ್ನಿಗೆ ಅಂಟಿಕೊಂಡಿದ್ದುದರಿಂದ ಅದು ಎಷ್ಟು ಕುಡಿಯಿತೆಂಬುದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ವಿದ್ಯುತ್ ಕಾರಿನಲ್ಲಾದರೋ ಅದು ಚಕ್ರ ತಿರುಗಿಸುವ ಬ್ಯಾಟರಿಯಲ್ಲೇ ಪಾಲು ಕೇಳುತ್ತದೆ, ಪರದೆಯು ಆ ಪಾಲನ್ನು ಕಿಲೋಮೀಟರಿಗೆ ಪರಿವರ್ತಿಸಿ ಮುಖದೆದುರು ಹಿಡಿಯುತ್ತದೆ. ಅದು ಬರಿಯ ಅಂದಾಜು. ಯಜಮಾನರು ಮಾತ್ರ ಅದನ್ನು ಬ್ಯಾಂಕಿನ ಪಾಸ್‌ಬುಕ್ಕೆಂದೇ ಓದುತ್ತಾರೆ.

ವರ್ಗದ ಲಕ್ಷಣಗಳು ಸ್ಫುಟವಾಗುವುದು ಮೇ ತಿಂಗಳಿನಲ್ಲಿ, ದಾವಣಗೆರೆಯ ಮದುವೆಗೆ ಸಂಸಾರಸಮೇತ ಹೊರಟಾಗ. ತುಮಕೂರಿನವರೆಗೆ ಉದಾರವಾಗಿ ಬೀಸಿದ ತಣ್ಣನೆಯ ಗಾಳಿ ಶಿರಾ ಸಮೀಪಿಸುವಾಗ, ಸರಿಯಾಗಿ ಬಿಸಿಲು ಏರುವ ಹೊತ್ತಿಗೆ, ನಿಂತುಹೋಗುತ್ತದೆ. "ರೀ, ಮಗು ಬೆವರ್ತಾ ಇದೆ, ಒಂಚೂರು ಹಾಕಬಾರದಾ?" ಎಂದು ಹೆಂಡತಿ ಕೇಳಿದರೆ "ಹಿರಿಯೂರು ಬರಲಿ ತಡಿಯೇ" ಎಂಬ ಉತ್ತರ ಸಿದ್ಧವಿರುತ್ತದೆ. ಹಿಂದಿನ ಸೀಟಿನ ಅತ್ತೆಯವರು ಲಗ್ನಪತ್ರಿಕೆಯಿಂದಲೇ ಗಾಳಿ ಹಾಕಿಕೊಳ್ಳುತ್ತ, "ಕಿಟಕಿ ಗಾಳೀನೇ ಹಿತವಾಗಿದೆ ಬಿಡಿ ಅಳಿಯಂದ್ರೇ" ಎಂದು ಮರ್ಯಾದೆ ಕಾಯುತ್ತಾರೆ. ಆ ಲಗ್ನಪತ್ರಿಕೆಯ ಮೇಲಿನ ಗಣಪತಿ ಚಿತ್ರದುರ್ಗ ತಲುಪುವಷ್ಟರಲ್ಲಿ ಬೆವರಿಗೆ ಅರ್ಧ ಅಳಿಸಿರುತ್ತಾನೆ.

ಇಷ್ಟು ತಪಸ್ಸಿನ ಫಲವನ್ನು ಲೆಕ್ಕ ಹಾಕಬಹುದು. ಬಿಸಿಲಿನಲ್ಲಿ ನಿಂತ ಕಾರನ್ನು ಮೊದಲು ತಣಿಸುವಾಗ ಎ.ಸಿ. ಎರಡು ಮೂರು ಕಿಲೋವ್ಯಾಟ್ ಎಳೆದರೂ, ಒಳಗೆ ಒಮ್ಮೆ ತಂಪಾದ ಮೇಲೆ ಸುಮಾರು ಒಂದು ಕಿಲೋವ್ಯಾಟಿಗೆ ತೃಪ್ತವಾಗುತ್ತದೆ. ಅಂದರೆ ಗಂಟೆಗೆ ಒಂದು ಯೂನಿಟ್, ಬೆಸ್ಕಾಂ ಬಿಲ್ಲಿನಲ್ಲಿ ಕಾಣುವ ಅದೇ ಯೂನಿಟ್. ಹೆದ್ದಾರಿಯಲ್ಲಿ ಗಂಟೆಗೆ ಎಂಬತ್ತು ಕಿ.ಮೀ. ಓಡುವ ಸಾಧಾರಣ ಕಾರಿಗೆ ಅದೇ ಅವಧಿಯಲ್ಲಿ ಹತ್ತು ಹನ್ನೆರಡು ಯೂನಿಟ್ ಬೇಕಾಗುವುದರಿಂದ ಎ.ಸಿ.ಯ ಪಾಲು ಹತ್ತರಲ್ಲೊಂದರ ಆಸುಪಾಸಿನದು. ಹಿರಿಯೂರಿನವರೆಗಿನ ನೂರರವತ್ತು ಕಿ.ಮೀ. ದಾರಿಯುದ್ದಕ್ಕೂ ಎ.ಸಿ. ಹಾಕಿದ್ದರೂ ಎರಡೂವರೆ ಯೂನಿಟ್ ಹೋಗುತ್ತಿತ್ತು, ರಸ್ತೆಬದಿಯ ಚಾರ್ಜಿಂಗ್ ದರದಲ್ಲಿ ಐವತ್ತು ರೂಪಾಯಿಯ ಮಾತು. ಅಷ್ಟನ್ನೂ ಉಳಿಸದ ಯಜಮಾನರು ಬೆಂದು ಬಸವಳಿದ ಐದು ಜನರಿಗೆ ಹಿರಿಯೂರಿನಲ್ಲಿ ಎಳನೀರು ಕುಡಿಸಿ ಇನ್ನೂರು ರೂಪಾಯಿ ತೆರುತ್ತಾರೆ. ಈ ಖರ್ಚು ಪರದೆಯಲ್ಲಿ ಮೂಡುವುದಿಲ್ಲವಾದ್ದರಿಂದ ಲೆಕ್ಕಕ್ಕೆ ಬರುವುದಿಲ್ಲ.

ಎ.ಸಿ. ನಿಲ್ಲಿಸಿ ಕಿಟಕಿ ಇಳಿಸಿದ್ದರಿಂದಾದ ನಷ್ಟ ಬೇರೆ. ಗಾಳಿಯ ಪ್ರತಿರೋಧ ವೇಗದ ವರ್ಗದಷ್ಟು ಬೆಳೆಯುವಂಥದು, ತೆರೆದ ಕಿಟಕಿ ಅದನ್ನು ಮತ್ತಷ್ಟು ಹೆಚ್ಚಿಸುವುದರಿಂದ ಉಳಿಸಿದ್ದರಲ್ಲಿ ಒಂದು ಭಾಗ ಅಲ್ಲೇ ಸೋರಿಹೋಗುತ್ತದೆ. ಇದಕ್ಕಿಂತ ಕ್ರೂರವಾದ ಸಂಗತಿಯೆಂದರೆ, ಬ್ಯಾಟರಿಯನ್ನು ದ್ರವ ಹರಿಸಿ ತಂಪಿಡುವ ಹಲವು ಕಾರುಗಳಲ್ಲಿ ಆ ದ್ರವವನ್ನು ತಣಿಸುವುದೂ ಇದೇ ಕಂಪ್ರೆಸರ್. ಬ್ಯಾಟರಿ ಕಾದರೆ ಅದು ಯಜಮಾನರ ಅಪ್ಪಣೆ ಕೇಳದೆ ತಾನಾಗಿ ನಡೆಯುತ್ತದೆ. ಹೀಗೆ ಅತ್ತೆಯವರು ಬೆವರುತ್ತಿರುವ ಹೊತ್ತಿನಲ್ಲೇ ಅವರ ಕಾಲಡಿಯ ಬ್ಯಾಟರಿ ಎ.ಸಿ.ಯಲ್ಲಿ ಪ್ರಯಾಣ ಮಾಡುತ್ತಿರುತ್ತದೆ.

ವಿಚಿತ್ರವೆಂದರೆ ಇದೇ ಯಜಮಾನರು ಸೋಮವಾರ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಹೋದ್ಯೋಗಿಗಳನ್ನು ಕೂರಿಸಿಕೊಂಡು ಹೋಗುವಾಗ ಗಾಜು ಏರಿಸಿ, ಎ.ಸಿ.ಯನ್ನು ಹದಿನೆಂಟು ಡಿಗ್ರಿಗಿಟ್ಟು ಮೆರೆಯುತ್ತಾರೆ. ಎ.ಸಿ. ಗಡಿಯಾರಕ್ಕೆ ಬಾಡಿಗೆ ಕೇಳುತ್ತದೆಯೇ ಹೊರತು ದೂರಕ್ಕಲ್ಲ. ಗಂಟೆಗೆ ಹತ್ತು ಕಿ.ಮೀ. ತೆವಳುವ ಕಾರಿನ ಚಕ್ರಗಳಿಗೆ ಬೇಕಾದಷ್ಟೇ ವಿದ್ಯುತ್ತು ಅಲ್ಲಿ ತಂಪಿಗೂ ಬೇಕಾಗಬಹುದು. ಉಳಿತಾಯಕ್ಕೆ ಅವಕಾಶವಿದ್ದಲ್ಲಿ ದುಂದು, ಇಲ್ಲದಲ್ಲಿ ವ್ರತ ಎಂಬುದು ಈ ವರ್ಗದ ಖಚಿತವಾದ ಗುರುತು.

ಇಂಥವರ ಕಾರಿನಲ್ಲಿ ಬೇಸಿಗೆಯ ಮದುವೆಗೆ ಹೊರಡಬೇಕಾದ ಬಂಧುಗಳು ಬೆಳಿಗ್ಗೆ ಕಾರು ಇನ್ನೂ ಮನೆಯ ಚಾರ್ಜರಿಗೆ ಸಿಕ್ಕಿಕೊಂಡಿರುವಾಗಲೇ ಎ.ಸಿ. ಹಾಕಿಸಿ ಹತ್ತು ನಿಮಿಷ ತಣಿಸಿಕೊಳ್ಳುವುದು ಒಳ್ಳೆಯದು. ಆಗಿನ ವಿದ್ಯುತ್ತು ಬಹುಪಾಲು ಗೋಡೆಯಿಂದ ಬರುವುದರಿಂದ ಪರದೆಯ ಅಂಕಿ ಕದಲುವುದಿಲ್ಲ, ಯಜಮಾನರೂ ಕದಲುವುದಿಲ್ಲ.