ಎಣಿಕೆ ಮೇಷ್ಟ್ರು

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಯಾವ ಹೈಸ್ಕೂಲಿಗೆ ಹೋದರೂ ಇವರು ಸಿಕ್ಕೇ ಸಿಗುತ್ತಾರೆ. ಹಾಜರಿ ಪುಸ್ತಕದ ಪ್ರಕಾರ ಪಿ.ಟಿ. ಮೇಷ್ಟ್ರೋ, ಸಮಾಜ ವಿಜ್ಞಾನದವರೋ ಇರಬಹುದು. ಡಿಸೆಂಬರ್ ಬಂತೋ, ಪ್ರವಾಸದ ಉಸ್ತುವಾರಿ ಇವರದೇ. ಯಾರೂ ನೇಮಿಸಿದ್ದಲ್ಲ. ಸಿಬ್ಬಂದಿ ಸಭೆಯಲ್ಲಿ ಹೆಡ್ಮಾಸ್ಟರು “ಈ ಸಲ ಬೆಂಗಳೂರಿಗೆ ಮಕ್ಕಳನ್ನ ಯಾರು ಕರ್ಕೊಂಡು ಹೋಗ್ತೀರಿ?” ಎಂದು ಕೇಳಿದ ತಕ್ಷಣ ಗಣಿತದವರಿಗೆ ಬಿಪಿ ಏರುತ್ತದೆ, ಇಂಗ್ಲಿಷಿನವರ ನಾದಿನಿಗೆ ನಿಶ್ಚಿತಾರ್ಥ ಗೊತ್ತಾಗುತ್ತದೆ, ವಿಜ್ಞಾನದವರಿಗೆ ಬಸ್ಸು ಹತ್ತಿದರೆ ತಲೆಸುತ್ತು ಎಂಬುದು ನೆನಪಾಗುತ್ತದೆ. ಉಳಿಯುವವರು ಇವರೊಬ್ಬರು. ಅವರಾಗಲೇ ಮೂಲೆಯ ಬೆಂಚಿನಲ್ಲಿ ಕುಳಿತು ಬಿಇಓ ಕಚೇರಿಗೆ ಅನುಮತಿ ಪತ್ರ ಬರೆಯುತ್ತಿರುತ್ತಾರೆ.

ಹೊರಡುವುದು ನಸುಕಿನ ನಾಲ್ಕಕ್ಕೆ ಎಂದು ಸುತ್ತೋಲೆ. ಬಸ್ಸು ಅಲುಗುವುದು ಐದೂವರೆಗೆ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟದ್ದಾಯಿತು, ಈಡುಗಾಯಿ ಒಡೆದದ್ದಾಯಿತು. ಕರ್ಪೂರ ಹಚ್ಚಿದ ಹೆಡ್ಮಾಸ್ಟರು “ಮಕ್ಕಳು ಜೋಪಾನ” ಎಂದು ಹೇಳಿ ಮನೆಗೆ ಹೋಗಿ ಮಲಗುತ್ತಾರೆ. ಮೇಷ್ಟ್ರ ಕೊರಳಲ್ಲಿ ವಿಷಲ್ಲು, ಹೆಗಲಲ್ಲಿ ಟವಲ್ಲು, ಜೇಬಿನಲ್ಲಿ ನಾಲ್ಕು ಮಡಿಕೆಯ ಹೆಸರಿನ ಪಟ್ಟಿ. ವಾಂತಿಗೆಂದು ತಂದ ಪ್ಲಾಸ್ಟಿಕ್ ಕವರುಗಳು, ಅಮೃತಾಂಜನ, ಪಿನ್ನು ಎಲ್ಲ ಜೊತೆಗೆ ಬಂದ ಮೇಡಂ ಅವರ ಬ್ಯಾಗಿನಲ್ಲಿ. ನಿಜ ಹೇಳಬೇಕೆಂದರೆ ಪ್ರವಾಸ ನಡೆಯುವುದು ಆ ಬ್ಯಾಗಿನಿಂದ. ಮೇಷ್ಟ್ರದ್ದು ಎಣಿಕೆಯ ಕೆಲಸ ಮಾತ್ರ.

ಆ ಎಣಿಕೆ ಶುರುವಾಗುವ ಮೊದಲೇ ತಾಯಂದಿರು ಕಿಟಕಿಗೆ ಮುತ್ತುತ್ತಾರೆ. “ಸಾ, ನಮ್ ಹೈದ ವಸಿ ಪುಕ್ಲ, ಕೈ ಬುಡ್ಬೇಡಿ. ಅಂಗೇ ಲಗ್ಗೆರೇಲಿ ಇವ್ರ ಚಿಕ್ಕಪ್ಪ ಅವ್ನೆ, ಈ ಅವರೆಕಾಯಿ ಚೀಲ ತಲುಪಿಸ್ಬುಡಿ.” ನಮ್ಮ ಕಡೆ ಲಗ್ಗೆರೆ, ಪೀಣ್ಯ, ಸುಂಕದಕಟ್ಟೆಗಳಲ್ಲಿ ಯಾರೂ ಇಲ್ಲದ ಮನೆಯೇ ಇಲ್ಲ. ಕೆ.ಆರ್. ಪೇಟೆಯವರಿಗಾದರೆ ಮುಂಬೈಯಲ್ಲೂ ಒಬ್ಬ ಭಾವಮೈದ ಇರುತ್ತಾನೆ. ಸದ್ಯ ಪ್ರವಾಸ ಅಲ್ಲಿಗಲ್ಲವಲ್ಲ ಎಂದು ಮೇಷ್ಟ್ರು ಚೀಲ ಒಳಗೆ ಎಳೆದುಕೊಳ್ಳುತ್ತಾರೆ.

ಹಿಂದೆ ಇವರಿಗೆ ದಾರಿಯಲ್ಲೂ ಒಂದು ಪಾಠವಿತ್ತು. “ಇದು ಮದ್ದೂರು, ವಡೆ. ಇದು ಚನ್ನಪಟ್ಣ, ಬೊಂಬೆ. ಇದು ರಾಮನಗರ, ಶೋಲೆ ತೆಗೆದ ಬೆಟ್ಟ. ಇದು ಬಿಡದಿ, ತಟ್ಟೆ ಇಡ್ಲಿ.” ಭೂಗೋಳ, ಇತಿಹಾಸ, ಆರ್ಥಿಕತೆ ಎಲ್ಲವೂ ಇದರಲ್ಲೇ ಮುಗಿಯುತ್ತಿತ್ತು. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ಊರುಗಳೆಲ್ಲ ಪಕ್ಕಕ್ಕೆ ಸರಿದವು, ಮೇಷ್ಟ್ರ ಪಠ್ಯವೂ ರದ್ದಾಯಿತು. ಈಗ ಅವರು ಹೇಳುವುದಿಷ್ಟು: “ಇದು ಟೋಲು. ಮುಂದೆ ಬರೋದೂ ಟೋಲು. ತಲೆ ಒಳಿಕ್ ಎಳ್ಕೊಳ್ಲಾ.” ನಾಗಮಂಗಲದ ಬಸ್ಸಿಗೆ ಈ ವ್ಯಥೆಯಿಲ್ಲ. ಅದು ಬೆಳ್ಳೂರು ಕ್ರಾಸಿಗೆ ಹೋಗಿ ಕುಣಿಗಲ್, ನೆಲಮಂಗಲದ ಮೇಲೆ ಊರು ಸೇರುತ್ತದೆ. ಅಲ್ಲಿಯ ಮೇಷ್ಟ್ರಿಗೆ ವಡೆಯೂ ಇಲ್ಲ, ಬೊಂಬೆಯೂ ಇಲ್ಲ.

ಎದುರು ಬದಿಯಲ್ಲಿ ಇಂಥದ್ದೇ ಬ್ಯಾನರು ಕಟ್ಟಿದ ಬೆಂಗಳೂರಿನ ಬಸ್ಸು ಹಾದುಹೋಗುತ್ತದೆ. ಅದರ ಮಕ್ಕಳು ನೋಡಲು ಹೊರಟಿರುವುದು ಶ್ರೀರಂಗಪಟ್ಟಣವನ್ನು! ದರಿಯಾ ದೌಲತ್, ಗುಂಬಜ್, ರಂಗನತಿಟ್ಟು. ಈ ಬಸ್ಸಿನ ಪಟ್ಟಣದ ಹುಡುಗರಲ್ಲಿ ಅರ್ಧದಷ್ಟು ಜನ ದರಿಯಾ ದೌಲತ್ತಿನ ಒಳಗೆ ಕಾಲಿಟ್ಟವರಲ್ಲ. ಅದು ಅಲ್ಲೇ ಇದೆಯಲ್ಲ, ಎಂದಾದರೂ ನೋಡಿದರಾಯಿತು.

ಬೆಂಗಳೂರು ತಲುಪಿದ ಮೇಲೆ ಈ ಹುಡುಗರಿಗೆ ಒಂದು ವಿಚಿತ್ರ ಅನುಭವವಾಗುತ್ತದೆ. ಮೊದಲು ಲಾಲ್‌ಬಾಗ್. ಮೇಷ್ಟ್ರು ಫಲಕ ನೋಡಿ ಹೇಳುತ್ತಾರೆ, “1760ರಲ್ಲಿ ಹೈದರಾಲಿ ಶುರು ಮಾಡಿದ್ದು.” ಹುಡುಗರು, “ನಮ್ಮೂರೋನೇ ಕಣ್ ಸಾ!” ಕೋಟೆಯ ಹತ್ತಿರ ಟಿಪ್ಪುವಿನ ಬೇಸಿಗೆ ಅರಮನೆ. “ಇದೂ ನಮ್ಮೋರ್ದೇ.” ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, 1962ರಲ್ಲಿ ನೆಹರೂ ಉದ್ಘಾಟಿಸಿದ್ದು. “ಸಾ, ನಮ್ ಕನ್ನಂಬಾಡಿ ಕಟ್ಟೆ ಕಟ್ದೋರು!” ನಡುವೆ ಒಬ್ಬನಿಗೆ ಬಾಯಾರಿಕೆ. ನಲ್ಲಿಯಲ್ಲಿ ಬರುವುದೂ ಕಾವೇರಿ. ಕಟ್ಟೆಯಿಂದ ಹೊರಟು, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಪಂಪು ಹತ್ತಿ, ಅಲ್ಲಿಂದ ಸುಮಾರು 100 ಕಿಲೋಮೀಟರ್ ಪೈಪಿನಲ್ಲಿ ಏರಿ ಬಂದ ನೀರು. ಅದೇ ನೀರಿಗಾಗಿ ಇವರ ಅಪ್ಪಂದಿರು ಮಂಡ್ಯದ ರಸ್ತೆಯಲ್ಲಿ ಧರಣಿ ಕೂತವರು. ಪಕ್ಕದ ಅಂಗಡಿಯಲ್ಲಿ ನೀರು ಬಾಟಲಿಗೆ 20 ರೂಪಾಯಿ ಅಂದಾಗ ಒಬ್ಬ ಹುಡುಗ ರೇಗಿಯೇಬಿಟ್ಟ: “ಸಾ, ಬೆಂಗ್ಳೂರೋರ್ದು ಅಂತ ಇಲ್ಲಿ ಏನದೆ ಸಾ?”

ಮೇಷ್ಟ್ರು ಗಂಭೀರವಾಗಿ ಯೋಚಿಸಿ ಉತ್ತರ ಕೊಟ್ಟರು. “ಟ್ರಾಫಿಕ್ಕು ಕಣ್ಲಾ. ಅದು ಪೂರ್ತಾ ಅವರದೇ.”

ಇಷ್ಟು ವರ್ಷ ಬಂದುಹೋಗಿದ್ದರೂ ಮೇಷ್ಟ್ರು ಸ್ವತಃ ಬೆಂಗಳೂರನ್ನು ನೋಡಿಲ್ಲ. ಅವರ ತಲೆಯಲ್ಲಿರುವ ನಕ್ಷೆಯಲ್ಲಿ ಎರಡೇ ಗುರುತು: ಬಸ್ಸು ನಿಲ್ಲಿಸಬಹುದಾದ ಜಾಗ, ಮಕ್ಕಳನ್ನು ಮೂತ್ರಕ್ಕೆ ಬಿಡಬಹುದಾದ ಜಾಗ. 1889ರ ಗಾಜಿನ ಮನೆ ಅವರ ಪಾಲಿಗೆ ಎಡಕ್ಕೆ ತಿರುಗಬೇಕಾದ ಗುರುತು. 1956ರಲ್ಲಿ ಮುಗಿದ ವಿಧಾನಸೌಧದ ಮುಂದೆ, ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿದ ಗೋಡೆಗೆ ಬೆನ್ನು ಮಾಡಿ ನಿಂತು ಅವರು ತಲೆ ಎಣಿಸುತ್ತಾರೆ. ತಾರಾಲಯದಲ್ಲಿ ಮಾತ್ರ ಬಿಡುವು. ಬಾಗಿಲು ಮುಚ್ಚಿದೆ, ಕತ್ತಲಾಗಿದೆ, ಯಾವ ಹುಡುಗನೂ ಎಲ್ಲಿಗೂ ಹೋಗುವಂತಿಲ್ಲ. ಶನಿಗ್ರಹದ ಬಳೆ ಕಾಣಿಸಿಕೊಳ್ಳುವ ಹೊತ್ತಿಗೆ ಮೇಷ್ಟ್ರ ಗೊರಕೆ ಆಕಾಶಗಂಗೆಯ ಉದ್ದಕ್ಕೂ ಹರಡಿರುತ್ತದೆ.

ಮಕ್ಕಳಿಗೆ ಬೇಕಾದದ್ದು ಮೆಟ್ರೋ, ಅದಕ್ಕಿಂತ ಹೆಚ್ಚಾಗಿ ಎಸ್ಕಲೇಟರು. ಹೆಣ್ಣುಮಕ್ಕಳು ಮೇಡಂ ಕೈ ಹಿಡಿದು ಕಿರುಚುತ್ತ ಹತ್ತಿ, ಮೇಲೆ ತಲುಪಿ, ಮತ್ತೆ ಇಳಿದು ಬಂದು ಹತ್ತುತ್ತಾರೆ. ಮೇಷ್ಟ್ರು ಒಂದು ಕಾಲು ಮುಂದಿಟ್ಟು ಹಿಂದೆಗೆದು, “ನೀವು ಹೋಗ್ರಮ್ಮಿ, ನಾನು ಕೊನೇಲಿ ಎಣಿಸ್ಕೊಂಡು ಬತ್ತೀನಿ” ಎನ್ನುತ್ತಾರೆ. ಎಣಿಸುತ್ತ ಎಣಿಸುತ್ತ ಮೆಟ್ಟಿಲ ಕಡೆಗೆ ಸರಿದುಹೋಗುತ್ತಾರೆ. ಮೆಟ್ರೋ ರೈಲಿನ ಬಗ್ಗೆ ಅವರದು ಒಂದೇ ತಕರಾರು: ಕಂಡಕ್ಟರಿಲ್ಲದ ಗಾಡಿ. ‘ಹೋಲ್ಡಾನ್’ ಎಂದು ಕೂಗಲು ಯಾರೂ ಇಲ್ಲದ ಬಾಗಿಲನ್ನು ನಂಬುವುದು ಹೇಗೆ?

ಆದರೆ ಬಾಗಿಲಿಗಿಂತ, ಟ್ರಾಫಿಕ್ಕಿಗಿಂತ ಎಣಿಕೆಯ ದೊಡ್ಡ ಶತ್ರು ನೆಂಟರು. ಅವರೆಕಾಯಿಗೆ ಕಾದಿದ್ದ ಲಗ್ಗೆರೆಯ ಚಿಕ್ಕಪ್ಪ ಲಾಲ್‌ಬಾಗ್ ಗೇಟಿಗೇ ಬಂದಿರುತ್ತಾನೆ. “ಸಾ, ಅರ್ಧ ಗಂಟೆ. ಹೈದಂಗೆ ಬಿರಿಯಾನಿ ತಿನ್ಸಿ ತಂದ್ಬುಡ್ತೀನಿ.” ಮೇಷ್ಟ್ರು ಒಪ್ಪುವುದಿಲ್ಲ. ಬಸ್ಸಿನ ಹಿಂದೆ ದಬರಿಯಲ್ಲಿ ಬೆಳಿಗ್ಗೆಯ ಪಲಾವು ಕಾಯುತ್ತಿದೆ. ಚಿಕ್ಕಪ್ಪ ಮುನಿಸಿಕೊಂಡು, “ನಿಮ್ಮೂರು ಯಾವ್ದು ಮೇಷ್ಟ್ರೆ?” ಎಂದು ವಿಚಾರಿಸಿ, ಕೊನೆಗೆ ಇವರ ಅತ್ತಿಗೆಯ ಕಡೆಯಿಂದ ನೆಂಟಸ್ತಿಕೆ ತೆಗೆಯುತ್ತಾನೆ. ಆಗಲೂ ಮೇಷ್ಟ್ರು ಬಗ್ಗುವುದಿಲ್ಲ.

ಸಂಜೆ ಬಸ್ಸಿನಲ್ಲಿ ಕೊನೆಯ ಎಣಿಕೆ. ಬಂದವರು 52, ಈಗ 53. ಕಡಿಮೆ ಬಿದ್ದರೆ ಹುಡುಕುವುದು ಇವರಿಗೆ ಗೊತ್ತು. ಹೆಚ್ಚು ಬಿದ್ದರೆ ಏನು ಮಾಡಬೇಕೆಂದು ಇಲಾಖೆಯ ಯಾವ ಸುತ್ತೋಲೆಯೂ ಹೇಳಿಲ್ಲ. ಹಿಂದಿನಿಂದ ಎಣಿಸಿದರು, 53. ಪಟ್ಟಿ ಹಿಡಿದು ಕೂಗಿದರು, 52 ಹೆಸರಿಗೂ “ಎಸ್ ಸಾ” ಬಂತು. ಕೊನೆಗೆ ಮೇಡಂ ಹಿಂದಿನ ಸೀಟಿನಿಂದ ಚಿಪ್ಸ್ ತಿನ್ನುತ್ತಿದ್ದ ಎಂಟು ವರ್ಷದವನೊಬ್ಬನನ್ನು ಎಬ್ಬಿಸಿ ನಿಲ್ಲಿಸಿದರು. ಲಗ್ಗೆರೆ ಚಿಕ್ಕಪ್ಪನ ಮಗ! ಫೋನು ಮಾಡಿದರೆ ಚಿಕ್ಕಪ್ಪ ಅತ್ತ ಕಡೆಯಿಂದ ನಿರಾಳವಾಗಿ ಹೇಳಿದ: “ಬಸ್ಸು ಎಂಗೂ ಊರಿಗೇ ಹೋಯ್ತದಲ್ಲ ಸಾ. ಅವರಜ್ಜಿ ಮನೆ ಹತ್ರ ಇಳಿಸ್ಬುಡಿ. ನೀವೂ ನಮ್ ನೆಂಟ್ರೇ ಅಲ್ವಾ.”

ಮೇಷ್ಟ್ರು ಪಟ್ಟಿಯ ಕೆಳಗೆ 53 ಎಂದು ಬರೆದು, ಎದುರಿಗೆ ‘ಅಜ್ಜಿ ಮನೆ’ ಎಂದು ನಮೂದಿಸಿ, ಡ್ರೈವರಿಗೆ ರೈಟ್ ಹೇಳಿದರು.

ಆದ್ದರಿಂದ ಬೆಂಗಳೂರಿನ ಓದುಗರಲ್ಲಿ ಒಂದು ಕೋರಿಕೆ. ಡಿಸೆಂಬರಿನಲ್ಲಿ ನಿಮ್ಮ ರಸ್ತೆಗೆ ಅಡ್ಡವಾಗಿ ಸಮವಸ್ತ್ರದ ಉದ್ದನೆಯ ಸಾಲು, ಅದರ ಪಕ್ಕದಲ್ಲಿ ವಿಷಲ್ಲು ಹಾಕಿಕೊಂಡು ತುಟಿ ಅಲುಗಿಸುತ್ತ ನಿಂತವರು ಕಂಡರೆ ಹಾರ್ನ್ ಮಾಡಬೇಡಿ, ಯಾವೂರಿನವರೆಂದು ಮಾತಿಗೂ ಎಳೆಯಬೇಡಿ. ಅವರು ಮೂವತ್ತೇಳಕ್ಕೆ ಬಂದಿರುತ್ತಾರೆ, ಮತ್ತೆ ಒಂದರಿಂದ ಶುರು ಮಾಡಬೇಕಾಗುತ್ತದೆ.